ಊರು ಎಲ್ಲಿ ಬೆಳೆಯಬೇಕು?



ಇತಿಹಾಸ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ರಾಜರು, ಕೋಟೆಗಳು, ಕದನಗಳು, ಒಪ್ಪಂದಗಳು. ಆದರೆ ಇವುಗಳಿಗಿಂತ ಹಳೆಯದಾದ ಇನ್ನೊಂದು ಇತಿಹಾಸವಿದೆ. ಅದು ನೀವು ಮಲಗಿ ಏಳುವ ಮನೆಯ ಕೆಳಗೇ ಇದೆ. ನಿಮ್ಮ ಮನೆ ಈಗಿರುವ ಜಾಗದಲ್ಲಿ ಏಕಿದೆ? ಹಳ್ಳದ ಆಚೆ ಏಕಿಲ್ಲ? ದಿನ್ನೆಯ ಮೇಲೆ ಏಕಿಲ್ಲ? ಊರಿನ ಒಂದು ಕೇರಿ ಎತ್ತರದಲ್ಲಿದ್ದು, ಇನ್ನೊಂದು ತಗ್ಗಿನಲ್ಲಿರುವುದು ಏಕೆ? ಈ ಪ್ರಶ್ನೆಗಳಿಗೆಲ್ಲ ಒಬ್ಬರಲ್ಲ ಒಬ್ಬರು ಎಂದೋ ಒಂದು ದಿನ ಉತ್ತರ ಕೊಟ್ಟಿದ್ದಾರೆ. ಆ ಉತ್ತರದ ಮೇಲೆ ನಾವು ಬದುಕುತ್ತಿದ್ದೇವೆ.

ಇಂದು ಈ ಕೆಲಸವನ್ನು 'ಸ್ಥಳೀಯ ಅಭಿವೃದ್ಧಿ ಯೋಜನೆ' ಎಂದು ಕರೆಯುತ್ತೇವೆ. ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಹೊಸ ಮನೆಗಳು ಎಲ್ಲಿ ಬರಬೇಕು, ಎಲ್ಲಿ ಬರಬಾರದು ಎಂಬುದನ್ನು ನಕಾಶೆಯ ಮೇಲೆ ಬಣ್ಣ ಹಚ್ಚಿ ತೋರಿಸುತ್ತೇವೆ. ನೋಡಿದವರಿಗೆ ಇದು ಎಂಜಿನಿಯರುಗಳ ಕೆಲಸವೆಂದು ತೋರುತ್ತದೆ. ಆದರೆ ನಕಾಶೆಗೆ ಬಣ್ಣ ಬೀಳುವ ಮೊದಲೇ ಮಣ್ಣು, ನೀರು ಮತ್ತು ಜಮೀನಿನ ಒಡೆತನ ಈ ಮೂರೂ ಅರ್ಧ ತೀರ್ಮಾನವನ್ನು ಮಾಡಿಬಿಟ್ಟಿರುತ್ತವೆ. ಉಳಿದ ಅರ್ಧದಲ್ಲಿ ಯಾರಿಗೆ ಒಣಭೂಮಿ ಸಿಗುತ್ತದೆ, ಯಾರಿಗೆ ತಗ್ಗು ಸಿಗುತ್ತದೆ ಎಂಬುದು ನಿಶ್ಚಯವಾಗುತ್ತದೆ. ಇದನ್ನು ಅರಿಯಲು ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಹತ್ತಿರ ಹೋಗಿ ನಿಲ್ಲೋಣ. ಅದು ಕಲಘಟಗಿ ತಾಲೂಕಿನ ದುಮ್ಮವಾಡ.

ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಹೊರಟರೆ ಕಪ್ಪು ನೆಲ ಹಿಂದೆ ಸರಿಯುತ್ತದೆ, ಕೆಂಪು ನೆಲ ಎದುರಾಗುತ್ತದೆ. ಜೋಳ, ಹತ್ತಿಗಳ ಬಯಲು ಮುಗಿದು ಭತ್ತದ ಗದ್ದೆಗಳು, ಮಾವಿನ ತೋಪುಗಳು, ಕುರುಚಲು ಕಾಡು ಶುರುವಾಗುತ್ತವೆ. ಮನೆಗಳ ಮೇಲ್ಛಾವಣಿಯನ್ನು ಗಮನಿಸಿ. ನವಲಗುಂದ, ಅಣ್ಣಿಗೇರಿಗಳ ಕಡೆ ಮಣ್ಣಿನ ಮಾಳಿಗೆ, ಇಲ್ಲಿ ಇಳಿಜಾರು ಹಂಚು. ಮಳೆ ಎಲ್ಲಿ ಕಡಿಮೆಯೋ ಅಲ್ಲಿ ಛಾವಣಿ ಸಪಾಟು, ಎಲ್ಲಿ ಹೆಚ್ಚೋ ಅಲ್ಲಿ ಇಳಿಜಾರು. ಒಂದೇ ಜಿಲ್ಲೆಯೊಳಗೆ, ಒಂದು ತಾಸಿನ ಬಸ್ ಪ್ರಯಾಣದಲ್ಲಿ, ಮನೆಯ ಆಕಾರವೇ ಬದಲಾಗಿಬಿಡುತ್ತದೆ. 

ನೀರಿನ ದಾರಿಯೂ ಇಲ್ಲಿ ಎರಡಾಗುತ್ತದೆ. ಹುಬ್ಬಳ್ಳಿ-ಧಾರವಾಡಗಳು ಒಂದು ಜಲವಿಭಾಜಕ ರೇಖೆಯ ಮೇಲೆ ಕುಳಿತಿವೆ. ಪೂರ್ವಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳದ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಮಳೆ ಶಾಲ್ಮಲೆ ಮತ್ತು ಬೇಡ್ತಿ ಹಳ್ಳಗಳನ್ನು ಸೇರಿ, ಕಲಘಟಗಿ, ಯಲ್ಲಾಪುರಗಳ ಕಾಡು ಹಾಯ್ದು, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬಿ ಸಮುದ್ರ ಸೇರುತ್ತದೆ. ಈ ಬೇಡ್ತಿ ಹಳ್ಳಕ್ಕೆ ದುಮ್ಮವಾಡದ ಹತ್ತಿರ 1950ರ ದಶಕದ ನಡುವೆ ಒಡ್ಡು ಹಾಕಿದರು. ಅದೇ ನೀರಸಾಗರ ಜಲಾಶಯ. ಆಗ ಧಾರವಾಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಹುಬ್ಬಳ್ಳಿಯ ಜನಕ್ಕೆ ಕುಡಿಯುವ ನೀರು ಒದಗಿಸುವುದು ಇದರ ಉದ್ದೇಶ.

ಇಲ್ಲಿಯ ಸ್ವಾರಸ್ಯವನ್ನು ಗಮನಿಸಬೇಕು. ನಗರವೊಂದು ತಾನು ಕುಡಿಯುವ ನೀರನ್ನು ಹಳ್ಳಿಯ ನೆಲದ ಮೇಲೆ ಕೂಡಿಟ್ಟಿದೆ. ಆ ಜಲಾಶಯದ ಸುತ್ತಿನ ಹಳ್ಳಿಗಳಿಗೂ ಮಕ್ಕಳು, ಮೊಮ್ಮಕ್ಕಳು ಇದ್ದಾರೆ, ಅವರಿಗೂ ಹೊಸ ಮನೆ ಬೇಕು. ಹಾಗಾದರೆ ಆ ಮನೆಗಳು ಎಲ್ಲಿ ಬರಬೇಕು? ಇದಕ್ಕೆ ಉತ್ತರ ಹುಡುಕುವ ಮುನ್ನ, ಹಿಂದಿನವರು ಇಂಥ ಪ್ರಶ್ನೆಗೆ ಏನು ಉತ್ತರ ಕೊಟ್ಟರು ಎಂಬುದನ್ನು ನೋಡೋಣ.

ನಮ್ಮ ಹಿರಿಯರ ಬಳಿ ನಕಾಶೆ ಇರಲಿಲ್ಲ, ಆದರೆ ಮಣ್ಣಿನ ಜ್ಞಾನವಿತ್ತು. ಎರೆಮಣ್ಣನ್ನು ತೆಗೆದುಕೊಳ್ಳಿ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿರುತ್ತದೆ. ಈ ಖನಿಜದ ಹರಳುಗಳು ಇಸ್ಪೀಟಿನ ಎಲೆಗಳಂತೆ ಒಂದರ ಮೇಲೊಂದು ಪದರವಾಗಿರುತ್ತವೆ. ಮಳೆ ಬಂದಾಗ ನೀರು ಪದರಗಳ ನಡುವೆ ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ನೀರು ಆರಿ ಮಣ್ಣು ಕುಗ್ಗುತ್ತದೆ. ಕೈ ತೂರಿಸುವಷ್ಟು ಅಗಲವಾಗಿ ನೆಲ ಬಾಯಿ ಬಿಡುವುದನ್ನು ನವಲಗುಂದದ ಕಡೆಯವರು ಪ್ರತಿ ವರ್ಷ ಕಾಣುತ್ತೀರಿ. ವರ್ಷಕ್ಕೊಮ್ಮೆ ಉಬ್ಬಿ ಕುಗ್ಗುವ ನೆಲದ ಮೇಲೆ ಗೋಡೆ ನಿಲ್ಲಿಸಿದರೆ ಅದು ಸೀಳುತ್ತದೆ. ಬೆಳೆಗೆ ಅಮೃತವಾದ ಮಣ್ಣು ಅಡಿಪಾಯಕ್ಕೆ ಶತ್ರು. ಆದ್ದರಿಂದ ಎರೆ ಸೀಮೆಯ ಊರುಗಳನ್ನು ಸಾಮಾನ್ಯವಾಗಿ ದಿನ್ನೆಯ ಮೇಲೆ, ಗರಸು ನೆಲ ಹತ್ತಿರದಲ್ಲಿ ಸಿಗುವ ಕಡೆ ಕಟ್ಟುತ್ತಿದ್ದರು. ಹೊಲ ತಗ್ಗಿನಲ್ಲಿ, ಮನೆ ಏರಿನಲ್ಲಿ.

ಇದಕ್ಕೆ ಇನ್ನೂ ಒಂದು ಕಾರಣವಿತ್ತು, ಅದು ಹಗೇವು. ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತಿ ಇಡುತ್ತಿದ್ದರು. ಗಾಳಿ, ತೇವ ಎರಡೂ ಸೋಕದಿದ್ದರೆ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ತೇವ ನಿಲ್ಲುವ ನೆಲದಲ್ಲಿ ಹಗೇವು ತೋಡಿದರೆ ವರ್ಷದ ಅನ್ನವೇ ಮುಗ್ಗಿ ಹೋಗುತ್ತದೆ. ಅಂದರೆ ಊರಿನ ಜಾಗ ಆರಿಸುವಾಗ ಜನ ತಮ್ಮ ತಲೆಯ ಮೇಲಿನ ಸೂರನ್ನಷ್ಟೇ ನೋಡಲಿಲ್ಲ, ಕಾಲ ಕೆಳಗಿನ ಕಣಜವನ್ನೂ ನೋಡಿದರು.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ನಂಬುವ ಭ್ರಮೆ ಬೇಡ. ಇದೇ ಹಿರಿಯರು ಒಣಗಿದ ಎತ್ತರದ ನೆಲವನ್ನು ತಮಗಿಟ್ಟುಕೊಂಡು, ಅಸ್ಪೃಶ್ಯರೆಂದು ತಾವು ದೂರವಿಟ್ಟ ಜನರಿಗೆ ಊರ ಹೊರಗಿನ ತುಂಡು ನೆಲವನ್ನು ಬಿಟ್ಟುಕೊಟ್ಟರು. ಊರಿನ ಕೊಳೆನೀರು ಹರಿದು ಹೋಗುವ ದಿಕ್ಕಿಗೆ ಆ ಕೇರಿ ಇರುವುದನ್ನು ನೀವು ಎಷ್ಟೋ ಕಡೆ ನೋಡಿರಬಹುದು. ಯಾವ ಕಾಗದದ ಮೇಲೂ ಬರೆಯದ ಆ ವಲಯ ವಿಂಗಡಣೆ ಇಂದಿನ ಯಾವ ಕಾಯ್ದೆಗಿಂತಲೂ ಬಿಗಿಯಾಗಿ ಪಾಲನೆಯಾಯಿತು. ಅದನ್ನು ಯಾರೂ 'ಯೋಜನೆ' ಎನ್ನಲಿಲ್ಲ, ಸಂಪ್ರದಾಯ ಎಂದರು, ಅಷ್ಟೆ.

ಕಾಗದದ ಮೇಲೆ ಗೆರೆ ಬಿದ್ದದ್ದು ಬ್ರಿಟಿಷರ ಕಾಲದಲ್ಲಿ. 1843ರಿಂದ ಜಾರ್ಜ್ ವಿಂಗೇಟ್ ಎಂಬ ಸೈನ್ಯದ ಎಂಜಿನಿಯರ್ ದಕ್ಷಿಣ ಮರಾಠಾ ಸೀಮೆಯ ಭೂಮಾಪನದ ಮೇಲ್ವಿಚಾರಕನಾಗಿ ಧಾರವಾಡ ಭಾಗದಲ್ಲಿ ಕೆಲಸ ಮಾಡಿದ. ಹೊಲಗಳನ್ನು ಅಳೆದು, ಮಣ್ಣಿನ ತರಗತಿ ನಿರ್ಧರಿಸಿ, ಪ್ರತಿ ಹೊಲಕ್ಕೂ ಒಂದು ನಂಬರು ಕೊಟ್ಟು, ಮೂವತ್ತು ವರ್ಷಕ್ಕೆ ಕಂದಾಯ ನಿಗದಿ ಮಾಡುವ ಪದ್ಧತಿ ಅದು. 1847ರಲ್ಲಿ ಈ ಪದ್ಧತಿಯ ನಿಯಮಗಳನ್ನು ಒಟ್ಟುಗೂಡಿಸಿದ ಜಂಟಿ ವರದಿ ಹೊರಬಂತು. ನಮ್ಮ ರೈತರು ಇಂದಿಗೂ ಆಡುವ 'ಸರ್ವೆ ನಂಬರು' ಎಂಬ ಮಾತು ಆ ಕಾಲದ್ದು.

ಆ ನಕಾಶೆಗಳಲ್ಲಿ ಊರು ಹೇಗೆ ಕಾಣುತ್ತಿತ್ತು ಗೊತ್ತೆ? ಸುತ್ತಲೂ ನಂಬರು ಹಾಕಿದ ಹೊಲಗಳು, ನಡುವೆ ಒಂದು ಗೆರೆಯೊಳಗೆ 'ಗಾವಠಾಣ'. ಗಾವಠಾಣದ ಒಳಗೆ ಮನೆ ಮನೆಗೆ ನಂಬರಿಲ್ಲ, ಅಳತೆಯಿಲ್ಲ. ಕಾರಣ ಸರಳ. ಸರಕಾರಕ್ಕೆ ಬೇಕಾಗಿದ್ದುದು ಕಂದಾಯ, ಅದು ಹುಟ್ಟುವುದು ಹೊಲದಲ್ಲಿ. ಮನೆಯಿಂದ ಹುಟ್ಟದ್ದರಿಂದ ಮನೆಯನ್ನು ಅಳೆಯುವ ಗೋಜಿಗೆ ಹೋಗಲಿಲ್ಲ. ಮುಂದೆ 1879ರ ಮುಂಬಯಿ ಭೂಕಂದಾಯ ಸಂಹಿತೆಯಲ್ಲಿ, ಸಾಗುವಳಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಕಲೆಕ್ಟರರ ಅಪ್ಪಣೆ ಬೇಕೆಂಬ ನಿಯಮ ಬಂತು. 'ಈ ಹೊಲ ಎನ್ಎ ಆಗೇದೇನು?' ಎಂದು ನಮ್ಮ ಕಡೆ ಜಮೀನು ಕೊಳ್ಳುವವರು ಇಂದೂ ಕೇಳುತ್ತಾರಲ್ಲ, ಅದರ ಮೂಲ ಅಲ್ಲಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಕಲಮು ಅದನ್ನೇ ಮುಂದುವರಿಸಿತು.

ಇಲ್ಲಿ ಒಂದು ಸೂಕ್ಷ್ಮ ಸಂಗತಿಯಿದೆ, ನಾನು ಇದಕ್ಕೆ ಬಹಳ ಮಹತ್ವ ಕೊಡುತ್ತೇನೆ. 'ಈ ಹೊಲದಲ್ಲಿ ಮನೆ ಕಟ್ಟಬಹುದೇ?' ಎಂಬ ಪ್ರಶ್ನೆ ನಮ್ಮಲ್ಲಿ ಮೊದಲು ಹುಟ್ಟಿದ್ದು ಕಂದಾಯದ ಪ್ರಶ್ನೆಯಾಗಿ. ನೀರು ಎತ್ತ ಹರಿಯುತ್ತದೆ, ಶಾಲೆ ಎಷ್ಟು ದೂರ, ಮಕ್ಕಳು ಹಳ್ಳ ದಾಟಬೇಕೇ ಎಂಬುದನ್ನು ಕೇಳುವ ಪದ್ಧತಿ ಆ ಅರ್ಜಿಯಲ್ಲಿರಲಿಲ್ಲ. ಒಂದೊಂದೇ ಸರ್ವೆ ನಂಬರು, ಒಂದೊಂದೇ ಅರ್ಜಿ, ಒಂದೊಂದೇ ಅಪ್ಪಣೆ. ಊರು ಒಟ್ಟಿನಲ್ಲಿ ಎತ್ತ ಬೆಳೆಯುತ್ತಿದೆ ಎಂದು ನೋಡುವ ಕಣ್ಣು ಇರಲಿಲ್ಲ.

ಹಳ್ಳಿಯ ಕಥೆ ಹೀಗಾದರೆ, ಪಕ್ಕದ ಪಟ್ಟಣ ಬೇರೆ ರೀತಿಯಲ್ಲಿ ಬೆಳೆಯಿತು. ಹಳೆ ಹುಬ್ಬಳ್ಳಿಯ ಮಗ್ಗುಲಿಗೆ 1727ರಲ್ಲಿ ಬಸಪ್ಪಶೆಟ್ಟರೆಂಬ ವ್ಯಾಪಾರಿ ಸವಣೂರ ನವಾಬನ ಅಪ್ಪಣೆ ಪಡೆದು ಕೋಟೆ ಕಟ್ಟಿಸಿ ಹೊಸ ಹುಬ್ಬಳ್ಳಿಗೆ ಬುನಾದಿ ಹಾಕಿದರು. ಈಗಿನ ದುರ್ಗದಬೈಲಿನ ಹೆಸರಿನಲ್ಲಿ ಆ ಕೋಟೆ ಉಳಿದುಕೊಂಡಿದೆ. ವ್ಯಾಪಾರ ಜಾಗ ಆರಿಸಿದ ಉದಾಹರಣೆ ಇದು. 1880ರ ದಶಕದಲ್ಲಿ ರೈಲು, ರೈಲ್ವೆ ಕಾರ್ಖಾನೆ ಬಂದವು. ಕಾರ್ಮಿಕರ ಮನೆಗಳು ಹಳಿಯ ಬದಿಗೆ ಬಂದವು. 1898ರ ಹೊತ್ತಿಗೆ ಪ್ಲೇಗು ಬಂತು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಹೊಸ ಲಸಿಕೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಹಾಕಿದ ಊರುಗಳಲ್ಲಿ ಹುಬ್ಬಳ್ಳಿಯೂ ಒಂದು. ವೈದ್ಯಕೀಯ ಇತಿಹಾಸದಲ್ಲಿ ನಮ್ಮ ಊರಿನ ಹೆಸರು ಸೇರಿದ್ದು ಹೀಗೆ. ಪ್ಲೇಗಿಗೆ ಹೆದರಿದ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿ, ಚಿಗಟ, ಗಾಳಿಯಾಡದ ಓಣಿ ಇವುಗಳ ಸಂಬಂಧ ಆಮೇಲೆ ಸ್ಪಷ್ಟವಾಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳೆಂಬ ವಿಶಾಲ ರಸ್ತೆಗಳ ಬಡಾವಣೆಗಳು ಬೆಳೆದದ್ದೂ ಅದೇ ಪ್ಲೇಗಿನ ಕಾಲದಲ್ಲಿ.

ಈ ಭಯದಿಂದಲೇ ನಗರ ಯೋಜನೆಯ ಕಾಯ್ದೆಗಳಿಗೆ ದಾರಿಯಾಯಿತು. 1915ರಲ್ಲಿ ಮುಂಬಯಿ ಪ್ರಾಂತದಲ್ಲಿ ಭಾರತದ ಮೊದಲ ನಗರ ಯೋಜನಾ ಕಾಯ್ದೆ ಬಂತು. ಧಾರವಾಡ ಜಿಲ್ಲೆಯೂ ಆ ಪ್ರಾಂತದ್ದೇ. ಅದರ ಉಪಾಯ ಜಾಣತನದ್ದಾಗಿತ್ತು. ಹತ್ತಾರು ಮಾಲಿಕರ ವಕ್ರವಕ್ರ ಹೊಲಗಳನ್ನು ಒಟ್ಟು ಮಾಡಿ, ರಸ್ತೆ, ಬಯಲುಗಳಿಗೆ ಜಾಗ ತೆಗೆದು, ಉಳಿದುದನ್ನು ಚೊಕ್ಕಟವಾದ ನಿವೇಶನಗಳಾಗಿ ಅದೇ ಮಾಲಿಕರಿಗೆ ಮರಳಿಸುವುದು. ಜಾಗ ಕಡಿಮೆಯಾದರೂ ಬೆಲೆ ಹೆಚ್ಚುತ್ತದೆ, ಆ ಹೆಚ್ಚಳದಲ್ಲಿ ಒಂದು ಪಾಲನ್ನು ಊರಿನ ಕೆಲಸಕ್ಕೆ ಪಡೆಯುವುದು. ಇದಕ್ಕೂ ಒಂದು ವರ್ಷ ಮೊದಲು, 1914ರಲ್ಲಿ, ಪ್ಯಾಟ್ರಿಕ್ ಗೆಡಿಸ್ ಎಂಬ ಸ್ಕಾಟ್ಲೆಂಡಿನ ಜೀವವಿಜ್ಞಾನಿ ಭಾರತಕ್ಕೆ ಬಂದಿದ್ದರು. ಯೋಜನೆಗಿಂತ ಮೊದಲು ಊರಿನ ಸಮೀಕ್ಷೆಯಾಗಬೇಕು, ರೋಗ ತಿಳಿಯದೆ ಶಸ್ತ್ರ ಎತ್ತಬಾರದು ಎಂಬುದು ಅವರ ನಿಲುವು. ಸೊಳ್ಳೆಯ ನೆಪದಲ್ಲಿ ಊರ ಕೆರೆಗಳನ್ನು ಮುಚ್ಚುವುದನ್ನು ಅವರು ವಿರೋಧಿಸಿದರು. ವಿಜ್ಞಾನ ಓದಿದವನಾಗಿ ನನಗೆ ಇದು ಸಂತೋಷದ ಸಂಗತಿ: ಊರನ್ನು ಜೀವಿಯಂತೆ ನೋಡಬೇಕೆಂದು ಮೊದಲು ಹೇಳಿದವರಲ್ಲಿ ಒಬ್ಬರು ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದರು.

ಹುಬ್ಬಳ್ಳಿ ಬೆಳೆದಂತೆ ಅದರ ಬಾಯಾರಿಕೆಯೂ ಬೆಳೆಯಿತು. ಒಂದು ಕಾಲಕ್ಕೆ ಉಣಕಲ್ಲ ಕೆರೆಯ ನೀರು ಸಾಕಾಗಿತ್ತು. ಆಮೇಲೆ ದುಮ್ಮವಾಡದ ಹತ್ತಿರದ ನೀರಸಾಗರ ಬೇಕಾಯಿತು. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಸೇರಿ ಒಂದು ಮಹಾನಗರಪಾಲಿಕೆಯಾದವು. ಎರಡೂ ಊರುಗಳ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರು ಅಂತರ, ಆ ಅಂತರದ ನಡುಭಾಗದಲ್ಲಿ ನವನಗರ ಎದ್ದಿತು. ಎರಡು ಊರುಗಳನ್ನು ಮನೆಗಳ ಸಾಲಿನಿಂದ ಹೊಲಿದುಬಿಡಬಹುದು ಎಂಬ ಆಶೆ ಅದರಲ್ಲಿತ್ತು. (2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಹೊಲಿಗೆ ಎಷ್ಟು ಗಟ್ಟಿಯಾಗಿತ್ತೆಂದು ನೀವೇ ಊಹಿಸಿ.) ನೀರಸಾಗರವೂ ಸಾಲದಾಗಿ ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ನೀರು ತರಬೇಕಾಯಿತು. ಬರಗಾಲದ ವರ್ಷಗಳಲ್ಲಿ ನೀರಸಾಗರ ಬತ್ತಿ ಬಿರುಕು ಬಿಟ್ಟದ್ದೂ ಉಂಟು, 2019ರ ಮಹಾಮಳೆಯಲ್ಲಿ ತುಂಬಿ ಹರಿದದ್ದೂ ಉಂಟು.

ಇನ್ನು ನಕಾಶೆಯ ಮಾತು. ಕರ್ನಾಟಕದಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1965ರಲ್ಲಿ. ಸರಕಾರ ಒಂದು ಪ್ರದೇಶವನ್ನು 'ಸ್ಥಳೀಯ ಯೋಜನಾ ಪ್ರದೇಶ' ಎಂದು ಸಾರುತ್ತದೆ. ಅಲ್ಲಿ ಈಗ ಯಾವ ನೆಲ ಯಾವುದಕ್ಕೆ ಬಳಕೆಯಾಗುತ್ತಿದೆ ಎಂಬ ನಕಾಶೆ ತಯಾರಾಗುತ್ತದೆ. ಅದರ ಮೇಲೆ ಮುಂದಿನ ಕಾಲದ ಯೋಜನೆ. ಹಳದಿ ಎಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ-ಆಸ್ಪತ್ರೆಯಂಥ ಸಾರ್ವಜನಿಕ ಉಪಯೋಗ, ಹಸಿರು ಉದ್ಯಾನ. ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆ, ಸಲಹೆಗಳನ್ನು ಕರೆಯಬೇಕು. ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಮೊದಲು ರೂಪುರೇಷೆಯ ಯೋಜನೆ, ಆಮೇಲೆ ಸಮಗ್ರ ಯೋಜನೆ ಎಂದು ಎರಡು ಹಂತಗಳಿದ್ದವು, 2004ರ ತಿದ್ದುಪಡಿಯಿಂದ ಅವು ಒಂದೇ 'ಮಹಾಯೋಜನೆ' ಆದವು.

ಆಕ್ಷೇಪಣೆಯ ಅವಧಿ ಎಂಬ ಆ ಒಂದು ಸಾಲನ್ನು ಲಘುವಾಗಿ ನೋಡಬೇಡಿ. ಹೊಲ ಹಳದಿಯಾದರೆ ಅದರ ಬೆಲೆ ಒಂದೇ ರಾತ್ರಿಯಲ್ಲಿ ಹಲವು ಪಟ್ಟಾಗುತ್ತದೆ. ಪಕ್ಕದ ಹೊಲ ಹಸಿರಾದರೆ ಅದರ ಒಡೆಯನಿಗೆ ಏನೂ ಇಲ್ಲ. ಹಳದಿ ಬೇಕಾದವರು ಕಚೇರಿಗೆ ಹತ್ತು ಸಲ ಹೋಗುತ್ತಾರೆ. ಮುಂದೆ ಆ ಬಡಾವಣೆಯ ಕೊಳೆನೀರು ಯಾರ ಬಾವಿಗೆ ಬರುತ್ತದೋ ಅವರಿಗೆ ಕರಡು ಪ್ರಕಟವಾದದ್ದೇ ತಿಳಿದಿರುವುದಿಲ್ಲ. ಕಾಯ್ದೆ ಇಬ್ಬರಿಗೂ ಒಂದೇ ಬಾಗಿಲು ತೆರೆದಿದೆ, ಒಬ್ಬರಿಗೆ ಮಾತ್ರ ಬಾಗಿಲಿನ ದಾರಿ ಗೊತ್ತು.

ಹಳ್ಳಿಗಳ ಕಡೆ ಮಹಾಯೋಜನೆಯ ಬಣ್ಣ ಬಹುಮಟ್ಟಿಗೆ ತಲುಪಲಿಲ್ಲ. ಅಲ್ಲಿ ಹೊಸ ಮನೆಗಳು ಬಂದದ್ದು ಸರಕಾರಿ ನಿವೇಶನಗಳ ಮೂಲಕ. 1970ರ ದಶಕದಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ನಿವೇಶನವಿಲ್ಲದ ಬಡವರಿಗೆ ಉಚಿತ ಜಾಗ ಹಂಚಲಾಯಿತು. 1991-92ರಲ್ಲಿ ಆಶ್ರಯ ಯೋಜನೆ ಬಂತು. 'ಜನತಾ ಪ್ಲಾಟು', 'ಆಶ್ರಯ ಕಾಲನಿ' ಎಂಬ ಹೆಸರುಗಳು ನಮ್ಮ ಊರುಗಳ ಮೂಲೆಯಲ್ಲಿ ಸೇರಿಕೊಂಡವು. ತಲೆಮಾರುಗಳಿಂದ ಇನ್ನೊಬ್ಬರ ಹಿತ್ತಲಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ತಮ್ಮ ಹೆಸರಿನ ಹಕ್ಕುಪತ್ರ ಸಿಕ್ಕಿತು. ಇದು ಸಣ್ಣ ಮಾತಲ್ಲ.

ಆದರೆ ಆ ಜಾಗಗಳು ಎಲ್ಲಿ ಸಿಕ್ಕವು? ಒಂದು ಲೆಕ್ಕ ಮಾಡೋಣ. ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರಡಿ. ರಸ್ತೆ, ಚರಂಡಿ, ಬಯಲಿಗೆಂದು ಬಿಟ್ಟು ಸುಮಾರು ನೂರಕ್ಕೆ 55ರಷ್ಟು ಭಾಗ ನಿವೇಶನಗಳಿಗೆ ಸಿಕ್ಕಿತೆನ್ನಿ. ಮೂವತ್ತು ನಲವತ್ತರ ನಿವೇಶನ 1,200 ಚದರಡಿ. ಹಾಗಾದರೆ ಎಕರೆಗೆ ಸುಮಾರು 20 ಮನೆ. ನೂರು ಕುಟುಂಬಗಳಿಗೆ ಐದೇ ಎಕರೆ! ಸಾವಿರಾರು ಎಕರೆ ಇರುವ ಹಳ್ಳಿಯಲ್ಲಿ ಐದು ಎಕರೆ ಸಿಗದೇ? ಸಿಗುತ್ತದೆ. ಆದರೆ ಊರಿಗೆ ಹತ್ತಿದ, ಎತ್ತರದ, ಗಟ್ಟಿ ನೆಲದ ಐದು ಎಕರೆ ಖಾಸಗಿಯವರದಾಗಿರುತ್ತದೆ, ಬೆಲೆಬಾಳುತ್ತದೆ. ಸರಕಾರದ ಕೈಯಲ್ಲಿ ಪುಕ್ಕಟೆ ಇರುವುದು ಗೋಮಾಳ, ಹಳ್ಳದ ದಂಡೆ, ಸ್ಮಶಾನದ ಮಗ್ಗುಲು, ಕಲ್ಲುಬಂಡೆಯ ಪಡ. ಹೀಗಾಗಿ ಹಳೆಯ ಕಾಲದಲ್ಲಿ ಸಂಪ್ರದಾಯ ಯಾರನ್ನು ತಗ್ಗಿಗೆ ಕಳಿಸಿತ್ತೋ, ಎಷ್ಟೋ ಊರುಗಳಲ್ಲಿ ಹೊಸ ಕಾಲದ ಅನುಕೂಲ ಸಿಂಧುವೂ ಅವರನ್ನೇ ತಗ್ಗಿಗೆ ಕಳಿಸಿತು. ಉದ್ದೇಶ ಬೇರೆ, ಫಲಿತಾಂಶ ಒಂದೇ.

ತಗ್ಗಿನಲ್ಲಿ ಮನೆ ಕಟ್ಟಿದರೆ ಏನಾಗುತ್ತದೆಂದು ತಿಳಿಯಲು ನಮ್ಮ ಜಿಲ್ಲೆಯ ಪೂರ್ವ ಭಾಗಕ್ಕೆ ಹೋಗಬೇಕು. ಬೆಣ್ಣೆಹಳ್ಳ ವರ್ಷದ ಬಹುಕಾಲ ಬಡಪಾಯಿ ಹಳ್ಳ. ಆದರೆ ಎರೆಭೂಮಿ ಒಮ್ಮೆ ನೀರು ಕುಡಿದು ಉಬ್ಬಿದ ಮೇಲೆ ಮುಂದಿನ ಮಳೆಯನ್ನು ಒಳಗೆ ಬಿಡುವುದಿಲ್ಲ. ಬಿದ್ದ ಹನಿಯೆಲ್ಲ ಹಳ್ಳಕ್ಕೆ. ನೆಲ ಸಪಾಟಾದ್ದರಿಂದ ಹಳ್ಳ ದಡ ಮೀರಿ ಮೈಲಿಗಟ್ಟಲೆ ಹರಡುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಮಳೆಯಲ್ಲಿ ಇದು ಭೀಕರವಾಗಿ ಕಂಡಿತು. ಆ ಮೇಲೆ ಸರಕಾರ ದಾನಿಗಳ ನೆರವಿನಿಂದ 'ಆಸರೆ' ಯೋಜನೆಯಲ್ಲಿ ಹಲವು ಊರುಗಳನ್ನು ಎತ್ತರಕ್ಕೆ ಸ್ಥಳಾಂತರಿಸಲು ಹೊರಟಿತು. ಕಾಂಕ್ರೀಟಿನ ಮನೆಗಳ ಸಾಲು ಸಾಲು ಎದ್ದವು. ಆದರೂ ಅನೇಕ ಕಡೆ ಜನ ಅಲ್ಲಿಗೆ ಹೋಗಲಿಲ್ಲ, ಹೋದವರೂ ಮರಳಿ ಬಂದರು.

ಏಕೆ? ಎಮ್ಮೆ ಕಟ್ಟಲು ಜಾಗವಿಲ್ಲ, ಕಣಕಿ ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲಕ್ಕೆ ನಡೆದು ಹೋಗಲು ದೂರ. ಹೊಸ ಜಾಗ ಪ್ರವಾಹದಿಂದ ಸುರಕ್ಷಿತವಾಗಿತ್ತು, ಆದರೆ ಬದುಕಿನಿಂದ ದೂರವಾಗಿತ್ತು. ಮನೆಗೆ ಜಾಗ ಆರಿಸುವಾಗ ನೀರೊಂದನ್ನೇ ನೋಡಿದರೂ ಸಾಲದು ಎಂಬುದಕ್ಕೆ ಖಾಲಿ ನಿಂತ ಆ ಮನೆಗಳೇ ಸಾಕ್ಷಿ.

ಈಗ ಪಶ್ಚಿಮಕ್ಕೆ, ಬೇಡ್ತಿಯ ಕಡೆಗೆ ಮರಳೋಣ. ಇಲ್ಲಿ ಅಪಾಯ ಬೇರೆ ಬಗೆಯದು. ಮನೆಗೆ ನೀರು ನುಗ್ಗುವ ಭಯಕ್ಕಿಂತ, ಮನೆಗಳು ನೀರಿಗೆ ನುಗ್ಗುವ ಭಯ ದೊಡ್ಡದು. ಇದಕ್ಕೆ ಬೆಂಗಳೂರಿನ ಪಾಠವೊಂದಿದೆ. ಅರ್ಕಾವತಿ ನದಿಗೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರ ದಶಕಗಳ ಕಾಲ ಆ ನಗರಕ್ಕೆ ನೀರುಣಿಸಿತು. ಆಮೇಲೆ ಜಲಾನಯನ ಪ್ರದೇಶದಲ್ಲಿ ಕೊಳವೆ ಬಾವಿಗಳು ಹೆಚ್ಚಿ ಅಂತರ್ಜಲ ಇಳಿಯಿತು, ನೀಲಗಿರಿ ತೋಪುಗಳು ಹಬ್ಬಿದವು, ಬಡಾವಣೆಗಳು, ಕಾರ್ಖಾನೆಗಳು ಬಂದವು. ಹಳ್ಳಗಳಲ್ಲಿ ತಿಳಿನೀರು ನಿಂತುಹೋಗಿ ಕೊಳೆನೀರು ಹರಿಯತೊಡಗಿತು. 2003ರ ನವೆಂಬರಿನಲ್ಲಿ ಸರಕಾರ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಕಟ್ಟಡಗಳಿಗೆ ಮಿತಿ ಹಾಕಿತು. ಆ ಹೊತ್ತಿಗೆ ಜಲಾಶಯದ ಆರೋಗ್ಯ ಕೆಟ್ಟಾಗಿತ್ತು. ಮುಂದೆ ಹತ್ತು ವರ್ಷ ತುಂಬುವುದರೊಳಗೆ ಅಲ್ಲಿಂದ ನಗರಕ್ಕೆ ನೀರು ಪೂರೈಸುವುದೇ ನಿಂತಿತು. ಮೊದಲು ಮನೆ, ಆಮೇಲೆ ನಿಯಮ: ಇದು ತಲೆಕೆಳಗಾದ ಕ್ರಮ.

ನೀರಿನ ಲೆಕ್ಕ ಕಷ್ಟದ್ದಲ್ಲ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 4,000 ಲೀಟರು. ಒಂದು ಹದ ಮಳೆ 25 ಮಿಲಿಮೀಟರು ಎಂದರೆ ಲಕ್ಷ ಲೀಟರು. ಕೆಂಪು ನೆಲದ ಹೊಲದಲ್ಲಿ ಇದರ ಬಹುಭಾಗ ಇಂಗಿ, ನಿಧಾನವಾಗಿ ಹಳ್ಳಕ್ಕೆ ಜಿನುಗುತ್ತದೆ, ದೀಪಾವಳಿಯ ನಂತರವೂ ಹಳ್ಳ ಹರಿಯುವುದು ಆ ಜಿನುಗಿನಿಂದ. ಅದೇ ಎಕರೆ ಕಾಂಕ್ರೀಟಾದರೆ ಲಕ್ಷ ಲೀಟರೂ ಅರ್ಧ ತಾಸಿನಲ್ಲಿ ಚರಂಡಿಯ ಕಸ, ಸಾಬೂನು, ಎಣ್ಣೆಗಳನ್ನು ಹೊತ್ತು ಓಡುತ್ತದೆ. 'ಹಾಗಾದರೆ ಕೆರೆಗೆ ಹೆಚ್ಚು ನೀರು ಬಂತಲ್ಲ!' ಎಂದು ನಿಮ್ಮಲ್ಲಿ ಚುರುಕಾದವರು ಕೇಳಬಹುದು. ಬರುತ್ತದೆ, ಮಳೆಗಾಲದಲ್ಲಿ. ಕುಡಿಯಲು ಯೋಗ್ಯವಾಗಿ ಬರುವುದಿಲ್ಲ, ಬೇಸಿಗೆಗೆ ಉಳಿಯುವುದಿಲ್ಲ.

ಹೀಗಿರುವಾಗ ದುಮ್ಮವಾಡದ ಸುತ್ತಿನಲ್ಲಿ ಮನೆಗಳೇ ಬೇಡ ಎಂದುಬಿಡೋಣವೇ? ಅದು ಅನ್ಯಾಯ. ನಗರದವರು ನಲ್ಲಿ ತಿರುಗಿಸುವ ಸುಖಕ್ಕಾಗಿ ಹಳ್ಳಿಯ ಹುಡುಗ ಮನೆ ಕಟ್ಟಬಾರದು ಎಂದು ಹೇಳುವ ಅಧಿಕಾರ ಯಾರಿಗಿದೆ? ಪ್ರಶ್ನೆ ಬೇಕೋ ಬೇಡವೋ ಎಂಬುದಲ್ಲ, ಎಲ್ಲಿ ಮತ್ತು ಯಾವ ಕ್ರಮದಲ್ಲಿ ಎಂಬುದು. ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಮೊದಲು ಹಳೆಯ ಗಾವಠಾಣದೊಳಗೇ ಬಿದ್ದ ಮನೆಗಳ ಹಾಳು ಜಾಗ ತುಂಬಬೇಕು. ದಾಯಾದಿ ವ್ಯಾಜ್ಯಗಳಿಂದ ಗೋಡೆ ಬಿದ್ದು ಜಾಲಿ ಬೆಳೆದ ಜಾಗಗಳು ಪ್ರತಿ ಊರಿನಲ್ಲೂ ಇವೆ. ಆ ಮೇಲೆ ಊರಿಗೆ ಹತ್ತಿ, ಹಳ್ಳಕ್ಕೆ ಬೆನ್ನು ಮಾಡಿದ ಎತ್ತರದ ನೆಲ. ಅದು ಖಾಸಗಿಯಾಗಿದ್ದರೆ ಸರಕಾರ ಕೊಳ್ಳಬೇಕು, ಪುಕ್ಕಟೆ ಸಿಗುತ್ತದೆಂದು ಹಳ್ಳದ ದಂಡೆಗೆ ಹೋಗಬಾರದು. ಕಾಲುವೆ, ಚರಂಡಿ ಮೊದಲು, ಹಕ್ಕುಪತ್ರ ಆಮೇಲೆ. ರಸ್ತೆಯ ಉದ್ದಕ್ಕೂ ಜಪಮಾಲೆಯ ಮಣಿಯಂತೆ ಒಂದೊಂದೇ ಹೊಲ ಎನ್ಎ ಆಗುತ್ತ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಅಲ್ಲಿ ಚರಂಡಿಯೂ ಬರುವುದಿಲ್ಲ, ಶಾಲೆಯೂ ಬರುವುದಿಲ್ಲ, ಪ್ರತಿ ಮನೆಯ ಕೊಳೆಯೂ ಪಕ್ಕದ ಹಳ್ಳಕ್ಕೇ. ಇನ್ನು ಜಲಾಶಯದ ಮೇಲ್ಭಾಗದ ಹೊಲಗಳನ್ನು ಹೊಲಗಳಾಗಿಯೇ ಉಳಿಸಿಕೊಂಡ ರೈತನಿಗೆ, ಆ ನೀರು ಕುಡಿಯುವ ನಗರ ಏನಾದರೂ ಕೊಡಬೇಕಲ್ಲವೇ? 1915ರ ಕಾಯ್ದೆ ಬೆಲೆಯ ಹೆಚ್ಚಳದಲ್ಲಿ ಊರಿಗೆ ಪಾಲು ಕೇಳಿತು. ಬೆಲೆ ಹೆಚ್ಚದಂತೆ ತಡೆದಾಗ ರೈತನಿಗೆ ಪಾಲು ಕೊಡುವುದೂ ಅದೇ ನ್ಯಾಯದ ಇನ್ನೊಂದು ಮುಖ. ಈ ವಾದವನ್ನು ಒಪ್ಪದವರಿದ್ದಾರೆ, ನಿಮ್ಮ ತರಗತಿಯಲ್ಲಿ ಇದನ್ನು ಚರ್ಚೆಗೆ ಇಟ್ಟು ನೋಡಿ.

ಚರ್ಚೆಗೆ ವೇದಿಕೆಗಳೂ ಇವೆ. 1992ರ ಸಂವಿಧಾನ ತಿದ್ದುಪಡಿಗಳ ನಂತರ, ಹಳ್ಳಿ ಮತ್ತು ನಗರಗಳ ಯೋಜನೆಗಳನ್ನು ಒಟ್ಟು ಮಾಡಿ, ನೀರಿನಂಥ ಸಮಾನ ಸಂಪತ್ತಿನ ಹಂಚಿಕೆಯನ್ನೂ ಗಮನಿಸಬೇಕಾದ ಜಿಲ್ಲಾ ಯೋಜನಾ ಸಮಿತಿಗೆ ಅವಕಾಶವಾಯಿತು. ನೀರಸಾಗರದಂಥ ಪ್ರಶ್ನೆ ಒಂದು ಪಂಚಾಯತಿಯ ಗಡಿಯೊಳಗೆ ಮುಗಿಯುವಂಥದಲ್ಲ, ಒಂದು ಪಾಲಿಕೆಯ ಗಡಿಯೊಳಗೂ ಅಲ್ಲ. ಅದು ಇಂಥ ಸಮಿತಿಯ ಮೇಜಿನ ಮೇಲೇ ಬರಬೇಕಾದದ್ದು. ಮನೆ ಯಾರಿಗೆ ಎಂಬುದನ್ನು ಗ್ರಾಮಸಭೆ ಆರಿಸುತ್ತದೆ. ಮನೆ ಎಲ್ಲಿ ಎಂಬುದನ್ನು ಗ್ರಾಮಸಭೆಯಲ್ಲಿ ಅಷ್ಟೇ ಬಿಸಿಯಾಗಿ ಚರ್ಚಿಸುವುದು ಅಪರೂಪ.

ದೂರದರ್ಶನದ ನಮ್ಮಂಥವರಿಗೆ ಎಲ್ಲವನ್ನೂ ಎತ್ತರದಿಂದ ತೋರಿಸುವ ಚಪಲ. ಎತ್ತರದಿಂದ ಊರು ಸುಂದರವಾಗಿ ಕಾಣುತ್ತದೆ, ಇಳಿಜಾರು ಮಾತ್ರ ಕಾಣುವುದಿಲ್ಲ. ಅದನ್ನು ಕಾಣಲು ಮಳೆ ಬರುವಾಗ ನೆಲದ ಮೇಲೆ ನಡೆಯಬೇಕು. ಈ ಜೂನಿನಲ್ಲಿ ಮೊದಲ ದೊಡ್ಡ ಮಳೆ ಬಿದ್ದಾಗ ಕೊಡೆ ಹಿಡಿದು ನಿಮ್ಮ ಊರನ್ನು ಒಂದು ಸುತ್ತು ಹಾಕಿ. ನೀರು ಎಲ್ಲಿ ಹುಟ್ಟುತ್ತದೆ, ಯಾರ ಅಂಗಳ ದಾಟುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಿ. ಭೂಮಾಪನ ಇಲಾಖೆಯಿಂದ ನಿಮ್ಮ ಗ್ರಾಮದ ನಕಾಶೆಯನ್ನು ಪಡೆದು, ಅದರಲ್ಲಿ ಹಳ್ಳವೆಂದು ತೋರಿಸಿದ ಗೆರೆಯನ್ನೂ ನೀವು ಕಂಡ ನೀರಿನ ದಾರಿಯನ್ನೂ ಹೋಲಿಸಿ. ಆ ಗೆರೆಯ ಮೇಲೆ ಈಗ ಏನಿದೆ ಎಂದು ಬರೆದಿಟ್ಟುಕೊಳ್ಳಿ.

ಗಾವಠಾಣದ ಗೆರೆಯ ಒಳಗಿನ ಖಾಲಿ ಜಾಗವೂ ಈಗ ತುಂಬುತ್ತಿದೆ. 2020ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಸ್ವಾಮಿತ್ವ ಎಂಬ ಯೋಜನೆ ಆರಂಭಿಸಿತು. ಡ್ರೋನ್ ಹಾರಿಸಿ, ಊರೊಳಗಿನ ಒಂದೊಂದು ಮನೆಯ ಎಲ್ಲೆಯನ್ನೂ ಅಳೆದು, ಒಡೆಯನಿಗೆ ಪತ್ರ ಕೊಡುವುದು ಅದರ ಗುರಿ. ಮೊದಲಿಗೆ ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಡ್ರೋನ್ ಹಾರುವ ಮುನ್ನ ಊರಿನ ಬೀದಿಗಳಲ್ಲಿ ಎಲ್ಲೆಗಳ ಉದ್ದಕ್ಕೂ ಸುಣ್ಣದ ಗೆರೆ ಎಳೆಯುತ್ತಾರೆ. ವಿಂಗೇಟನ ಸರಪಳಿ ಊರ ಬಾಗಿಲಲ್ಲಿ ನಿಂತು ಸುಮಾರು ನೂರೆಪ್ಪತ್ತು ವರ್ಷಗಳಾದ ಮೇಲೆ ಅಳತೆ ಒಳಗೆ ಬಂದಿದೆ. ಆ ಸುಣ್ಣದ ಗೆರೆ ಎಳೆಯುವ ಹೊತ್ತಿಗೆ ನಿಮ್ಮ ಓಣಿಯಲ್ಲಿ ಯಾರು ಯಾರು ಬಂದು ನಿಂತರು, ಯಾರು ಬರಲಿಲ್ಲ ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.